ಸೂರ್ಯ ಮುಳುಗಿದ ಮೇಲೆ ಬರುವ ಕೆಂಪು: ಜ್ವಾಲಾಮುಖಿಗಳು ಮುಸ್ಸಂಜೆಗೆ ಬಣ್ಣ ಕಟ್ಟುವ ಬಗೆ

2025ರ ನವೆಂಬರ್ 23ರಂದು ಇಥಿಯೋಪಿಯದ ಅಫಾರ್ ಪ್ರದೇಶದಲ್ಲಿರುವ ಹೈಲಿ ಗುಬ್ಬಿ ಎಂಬ ಜ್ವಾಲಾಮುಖಿ ಸಿಡಿಯಿತು. ಅದರ ಬೂದಿಯ ಮೋಡ ಕೆಂಪು ಸಮುದ್ರವನ್ನು ದಾಟಿ, ಯೆಮನ್ ಮತ್ತು ಒಮಾನ್‌ಗಳ ಮೇಲೆ ಹಾದು, ಎರಡು ದಿನ ಕಳೆಯುವುದರೊಳಗೆ ಗುಜರಾತ್, ರಾಜಸ್ಥಾನ ಮತ್ತು ದೆಹಲಿಯ ಆಕಾಶವನ್ನು ಮುಟ್ಟಿತು. ಕೆಲವು ವಿಮಾನಗಳು ರದ್ದಾದವು, ಸುದ್ದಿವಾಹಿನಿಗಳಲ್ಲಿ ಅದೇ ಮಾತಾಯಿತು. ಆ ವಾರದ ಒಂದು ಸಂಜೆ, ಬಸವನಗುಡಿಯ ನಮ್ಮ ಮನೆಯ ತಾರಸಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದ ಪಕ್ಕದ ಮನೆಯವರು ಪಡುವಣದ ಕೆಂಪನ್ನು ತೋರಿಸಿ, "ನೋಡಿ, ಇದು ಆ ಜ್ವಾಲಾಮುಖಿದೇ ಬಣ್ಣ ಅಲ್ವಾ?" ಎಂದು ಕೇಳಿದರು. ಅಲ್ಲ ಎಂದೆ. ಆದರೆ ಏಕೆ ಅಲ್ಲ ಎಂಬುದನ್ನು ಬಟ್ಟೆ ಮಡಿಸುವಷ್ಟು ಹೊತ್ತಿನಲ್ಲಿ ಹೇಳಿ ಮುಗಿಸಲು ಆಗಲಿಲ್ಲ. ಜ್ವಾಲಾಮುಖಿಗಳು ಭೂಮಿಯ ಇನ್ನೊಂದು ಮಗ್ಗುಲಿನ ಆಕಾಶಕ್ಕೂ ಬಣ್ಣ ಕೊಡುತ್ತವೆ ಎಂಬುದು ನಿಜ. ಆದರೆ ಆ ಬಣ್ಣ ಬೂದಿಯಿಂದ ಬರುವುದಿಲ್ಲ, ಸಿಡಿದ ಮರುದಿನವೇ ಕಾಣಿಸಿಕೊಳ್ಳುವುದೂ ಇಲ್ಲ. ಅದನ್ನು ನೋಡಬೇಕಾದ ಹೊತ್ತು ಸೂರ್ಯ ಮುಳುಗುವ ಹೊತ್ತಲ್ಲ, ಮುಳುಗಿ ಕಾಲು ಗಂಟೆ ಕಳೆದ ಮೇಲಿನದು.

ಇದನ್ನು ತಿಳಿಯಲು ಮೊದಲು ದಿನನಿತ್ಯದ ಸಂಜೆಗೆಂಪು ಎಲ್ಲಿಂದ ಬರುತ್ತದೆ ಎಂಬುದನ್ನು ನೋಡಬೇಕು. ಸೂರ್ಯನ ಬಿಳಿಯ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಬೆರೆತಿವೆ ಎಂಬುದನ್ನು ಶಾಲೆಯಲ್ಲೇ ಓದಿರುತ್ತೇವೆ. ಗಾಳಿಯಲ್ಲಿರುವ ಸಾರಜನಕ ಮತ್ತು ಆಮ್ಲಜನಕದ ಅಣುಗಳು ಬೆಳಕಿನ ತರಂಗದೂರಕ್ಕಿಂತ, ಅಂದರೆ ಅದರ ಒಂದು ಅಲೆಯ ಉದ್ದಕ್ಕಿಂತ, ಸಾವಿರಕ್ಕೂ ಹೆಚ್ಚು ಪಟ್ಟು ಚಿಕ್ಕವು. ಇಷ್ಟು ಚಿಕ್ಕ ಕಣಕ್ಕೆ ಬೆಳಕು ತಾಗಿದಾಗ, ತರಂಗದೂರ ಕಡಿಮೆಯಿರುವ ನೀಲಿ ಬಹಳವಾಗಿ ಚದುರುತ್ತದೆ, ತರಂಗದೂರ ಹೆಚ್ಚಿರುವ ಕೆಂಪು ಅಷ್ಟಾಗಿ ಚದುರದೆ ಮುಂದೆ ಸಾಗುತ್ತದೆ. ಚದುರುವ ಪ್ರಮಾಣವು ತರಂಗದೂರದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುತ್ತದೆ ಎಂದು ಬ್ರಿಟಿಷ್ ಭೌತವಿಜ್ಞಾನಿ ಲಾರ್ಡ್ ರೇಲೀ 19ನೇ ಶತಮಾನದಲ್ಲಿ ತೋರಿಸಿಕೊಟ್ಟರು. ಅದರಂತೆ 450 ನ್ಯಾನೋಮೀಟರ್ ತರಂಗದೂರದ ನೀಲಿ ಬೆಳಕು 650 ನ್ಯಾನೋಮೀಟರ್‌ನ ಕೆಂಪಿಗಿಂತ ನಾಲ್ಕು ಪಟ್ಟಿಗೂ ಮಿಕ್ಕಿ ಚದುರುತ್ತದೆ. ಮಧ್ಯಾಹ್ನ ತಲೆಯ ಮೇಲಿನ ಆಕಾಶದ ನೀಲಿ ಹೀಗೆ ಚದುರಿದ ಬೆಳಕು. ಸಂಜೆ ಸೂರ್ಯ ದಿಗಂತಕ್ಕೆ ತಾಗಿದಾಗ ಅದರ ಬೆಳಕು ನೆತ್ತಿಯ ಮೇಲಿನಿಂದ ಬರುವಾಗ ದಾಟುವುದಕ್ಕಿಂತ ಮೂವತ್ತೆಂಟು ಪಟ್ಟು ಹೆಚ್ಚು ಗಾಳಿಯನ್ನು ದಾಟಿ ಬರಬೇಕಾಗುತ್ತದೆ. ದಾರಿಯಲ್ಲಿ ನೀಲಿ ಸೋರಿಹೋಗಿ, ಉಳಿದ ಕಿತ್ತಳೆ ಮತ್ತು ಕೆಂಪು ನಮ್ಮ ಕಣ್ಣಿಗೆ ಬೀಳುತ್ತವೆ.

ಕಣದ ಗಾತ್ರಕ್ಕೂ ಬಣ್ಣಕ್ಕೂ ಇರುವ ನಂಟನ್ನು ಮನೆಯಲ್ಲೇ ಕಾಣಬಹುದು. ದೇವರ ಮನೆಯಲ್ಲಿ ಹಚ್ಚಿಟ್ಟ ಊದುಬತ್ತಿಯ ಹೊಗೆ, ಹಿಂದೆ ಕತ್ತಲಿದ್ದು ಪಕ್ಕದಿಂದ ಬೆಳಕು ಬಿದ್ದಾಗ, ತುದಿಯಿಂದ ಏಳುವಲ್ಲಿ ನಸುನೀಲಿಯಾಗಿ ಕಾಣುತ್ತದೆ. ಅಡುಗೆಮನೆಯಲ್ಲಿ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಏಳುವ ಹಬೆ ಎಂದೂ ನೀಲಿಯಾಗಿ ಕಾಣುವುದಿಲ್ಲ, ಅದು ಬೆಳ್ಳಗೇ ಇರುತ್ತದೆ. ಹೊಗೆಯ ಕಣ ಬೆಳಕಿನ ತರಂಗದೂರಕ್ಕಿಂತ ಚಿಕ್ಕದು, ಹಬೆಯ ಹನಿ ಅದಕ್ಕಿಂತ ಬಹಳ ದೊಡ್ಡದು. ದೊಡ್ಡ ಹನಿ ಬಣ್ಣದಲ್ಲಿ ಭೇದ ಮಾಡದೆ ಎಲ್ಲ ಬೆಳಕನ್ನೂ ಒಂದೇ ಸಮನಾಗಿ ಚದುರಿಸುತ್ತದೆ. ಹಾಗೆಯೇ, ಒಂದು ಗಾಜಿನ ಲೋಟದ ನೀರಿಗೆ ಐದಾರು ಹನಿ ಹಾಲು ಹಾಕಿ ಕಲಕಿ, ದೀಪ ಆರಿಸಿ, ಮೊಬೈಲಿನ ಟಾರ್ಚನ್ನು ಲೋಟದ ಒಂದು ಬದಿಗೆ ಹಿಡಿದರೆ, ಪಕ್ಕದಿಂದ ನೋಡಿದವರಿಗೆ ನೀರು ನಸುನೀಲಿ ಎನಿಸುತ್ತದೆ, ಎದುರಿನಿಂದ ಟಾರ್ಚನ್ನೇ ನೋಡಿದವರಿಗೆ ಅದೇ ಬೆಳಕು ಹಳದಿಗೂ ಕಿತ್ತಳೆಗೂ ತಿರುಗಿರುತ್ತದೆ. ಒಂದೇ ಲೋಟದಲ್ಲಿ ಮಧ್ಯಾಹ್ನವೂ ಸಂಜೆಯೂ ಇರುತ್ತವೆ. ಈ ಬಗೆಯ ಸರಳ ಪ್ರಶ್ನೆಗಳನ್ನು ಜೀವನದ ಕೊನೆಯವರೆಗೂ ಬಿಡದೆ ಹಿಡಿದಿದ್ದವರು ನಮ್ಮದೇ ಊರಿನಲ್ಲಿ ನೆಲೆಸಿದ್ದ ಸಿ. ವಿ. ರಾಮನ್; ನೊಬೆಲ್ ಬಂದು ನಾಲ್ಕು ದಶಕಗಳ ಹತ್ತಿರವಾಗಿದ್ದಾಗಲೂ, 1968ರ ಡಿಸೆಂಬರಿನಲ್ಲಿ ಅವರು ಅಹಮದಾಬಾದಿಗೆ ಹೋಗಿ ಆಕಾಶ ಏಕೆ ನೀಲಿ ಎಂಬುದರ ಬಗ್ಗೆ ಉಪನ್ಯಾಸ ಕೊಟ್ಟಿದ್ದರು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ದೂಳು ಮತ್ತು ಹೊಗೆ ಹೆಚ್ಚಾದಷ್ಟೂ ಸೂರ್ಯಾಸ್ತ ಚೆಂದ ಎಂದು ಹೇಳುವವರಿದ್ದಾರೆ. ಬೆಂಗಳೂರಿನವರು ಇದನ್ನು ತಮ್ಮ ಕಣ್ಣಿನಿಂದಲೇ ಪರೀಕ್ಷಿಸಬಹುದು. ಮಾರ್ಚ್ ತಿಂಗಳ ಒಣ ಸಂಜೆಗಳಲ್ಲಿ ಸೂರ್ಯ ದಿಗಂತ ಮುಟ್ಟುವ ಮೊದಲೇ ಮಂಕಾದ ತಾಮ್ರದ ಬಿಲ್ಲೆಯಂತಾಗಿ ಬೂದುಬಣ್ಣದ ಮಬ್ಬಿನಲ್ಲಿ ಕರಗಿಹೋಗುತ್ತಾನೆ. ಅಕ್ಟೋಬರಿನಲ್ಲಿ ಮಧ್ಯಾಹ್ನ ಜೋರು ಮಳೆ ಬಂದು ನಾಲ್ಕು ಗಂಟೆಗೆ ತೆರವಾದ ದಿನ, ಲಾಲ್‌ಬಾಗಿನ ಬಂಡೆಯ ಮೇಲೆ ನಿಂತರೆ ಕಾಣುವ ಬಣ್ಣವೇ ಬೇರೆ. ನೆಲದ ಹತ್ತಿರದ ಕಣಗಳು ಬಗೆಬಗೆಯ ಗಾತ್ರದವು, ಹಲವು ದೊಡ್ಡವು. ಅವು ಎಲ್ಲ ಬಣ್ಣಗಳನ್ನೂ ತಗ್ಗಿಸಿ ಆಕಾಶವನ್ನು ಮಾಸಲು ಮಾಡುತ್ತವೆ. ಕಣಗಳು ಆಕಾಶವನ್ನು ಚೆಂದ ಮಾಡಬೇಕಾದರೆ ಅವು ಸರಿಯಾದ ಗಾತ್ರದಲ್ಲಿರಬೇಕು, ಹೆಚ್ಚುಕಡಿಮೆ ಒಂದೇ ಸಮನಾಗಿರಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಬಹಳ ಎತ್ತರದಲ್ಲಿರಬೇಕು. ಈ ಮೂರನ್ನೂ ಒಟ್ಟಿಗೆ ಒದಗಿಸಿಕೊಡುವ ಶಕ್ತಿ ದೊಡ್ಡ ಜ್ವಾಲಾಮುಖಿಗಳಿಗಿದೆ.

ಜ್ವಾಲಾಮುಖಿ ಎಂದಾಗ ಮನಸ್ಸಿಗೆ ಬರುವುದು ಬೆಂಕಿ ಮತ್ತು ಬೂದಿ. ಬೂದಿ ಎನ್ನುವುದು ವಾಸ್ತವವಾಗಿ ಸುಟ್ಟುಳಿದ ಬೂದಿಯಲ್ಲ. ಪುಡಿಯಾದ ಕಲ್ಲು ಮತ್ತು ಗಾಜು. ಭಾರವಾದ ಆ ಪುಡಿಯ ಬಹುಪಾಲು ಕೆಲವು ಗಂಟೆಗಳಲ್ಲಿ, ಉಳಿದದ್ದರಲ್ಲಿ ಹೆಚ್ಚಿನದು ಕೆಲವು ದಿನಗಳಿಂದ ವಾರಗಳೊಳಗೆ ನೆಲಕ್ಕೆ ಬೀಳುತ್ತದೆ. ವಿಮಾನದ ಎಂಜಿನ್ನಿಗೆ ಅಪಾಯ ಅದರಿಂದಲೇ, ಆದರೆ ಜಗತ್ತಿನ ಸಂಜೆಗಳನ್ನು ವರ್ಷಗಟ್ಟಲೆ ಬದಲಿಸುವ ಬಾಳಿಕೆ ಅದಕ್ಕಿಲ್ಲ. ಆ ಕೆಲಸ ಮಾಡುವುದು ಬೂದಿಯೊಡನೆ ಕಣ್ಣಿಗೆ ಕಾಣದೆ ಮೇಲೇರುವ ಸಲ್ಫರ್ ಡೈಆಕ್ಸೈಡ್ ಅನಿಲ. ದೀಪಾವಳಿಯಲ್ಲಿ ಪಟಾಕಿ ಸಿಡಿದಾಗ ಮೂಗಿಗೆ ಅಡರುವ ಘಾಟಿನಲ್ಲಿ ಇರುವುದೂ ಇದೇ ಅನಿಲ.

ಈ ಅನಿಲ ಎಷ್ಟು ಎತ್ತರಕ್ಕೆ ಹೋಯಿತು ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ನಮ್ಮ ಮಳೆ, ಮೋಡ, ಗುಡುಗುಗಳೆಲ್ಲ ನಡೆಯುವುದು ವಾಯುಮಂಡಲದ ಕೆಳಗಿನ ಪದರವಾದ ಪರಿವರ್ತನ ಮಂಡಲದಲ್ಲಿ. ಉಷ್ಣವಲಯದಲ್ಲಿ ಅದು ಹದಿನಾರು ಹದಿನೇಳು ಕಿಲೋಮೀಟರ್ ಎತ್ತರದವರೆಗೂ ಇರುತ್ತದೆ. ಅಲ್ಲಿಗೆ ಸೇರಿದ ಕಣಗಳನ್ನು ಒಂದೆರಡು ವಾರಗಳಲ್ಲಿ ಮಳೆ ತೊಳೆದುಹಾಕುತ್ತದೆ. ಅದರ ಮೇಲಿನ ಸಮೋಷ್ಣ ಮಂಡಲದಲ್ಲಿ ಮಳೆಯಿಲ್ಲ. ಅಲ್ಲಿ ಎತ್ತರಕ್ಕೆ ಹೋದಂತೆಲ್ಲ ಗಾಳಿ ಬೆಚ್ಚಗಾಗುತ್ತದೆ. ತಣ್ಣಗಿನ ಗಾಳಿ ಕೆಳಗೆ, ಬೆಚ್ಚಗಿನದು ಮೇಲೆ ಇರುವುದರಿಂದ ಅದು ಮೇಲೆಕೆಳಗೆ ಕದಡದೆ ಪದರಪದರವಾಗಿ ನಿಲ್ಲುತ್ತದೆ. ಅಲ್ಲಿಗೆ ತಲುಪಿದ ಸಲ್ಫರ್ ಡೈಆಕ್ಸೈಡ್ ಬಿಸಿಲು ಮತ್ತು ನೀರಾವಿಯಿಂದ ಹುಟ್ಟುವ ಚುರುಕಾದ ಅಣುಗಳೊಡನೆ ವರ್ತಿಸಿ, ಹಲವು ವಾರಗಳ ಅವಧಿಯಲ್ಲಿ ನಿಧಾನವಾಗಿ ಗಂಧಕಾಮ್ಲವಾಗುತ್ತದೆ. ಮುಕ್ಕಾಲು ಪಾಲು ಗಂಧಕಾಮ್ಲ, ಕಾಲು ಪಾಲು ನೀರು ಇರುವ ಅತಿ ಸಣ್ಣ ಹನಿಗಳು ಕಟ್ಟಿಕೊಳ್ಳುತ್ತವೆ. ವಿಜ್ಞಾನಿಗಳು ಏರೋಸಾಲ್ ಎಂದು ಕರೆಯುವುದು ಈ ಹನಿಗಳನ್ನೇ. ಒಂದೊಂದರ ತ್ರಿಜ್ಯ ಒಂದು ಮೈಕ್ರಾನಿನ (ಮಿಲಿಮೀಟರಿನ ಸಾವಿರದ ಒಂದು ಭಾಗ) ಹತ್ತನೇ ಒಂದು ಭಾಗದಿಂದ ಅರ್ಧದವರೆಗೆ, ಅಂದರೆ ಬೆಳಕಿನ ತರಂಗದೂರದ ಆಸುಪಾಸಿನಲ್ಲೇ ಇರುತ್ತದೆ. ಅವು ಎಷ್ಟು ಹಗುರ ಎಂದರೆ ತಮ್ಮ ಭಾರಕ್ಕೆ ತಾವೇ ಇಳಿದು ಬರಲು ತಿಂಗಳುಗಳು ಬೇಕು; ಒಂದು ದೊಡ್ಡ ಸ್ಫೋಟದ ಹನಿಗಳು ಎರಡು ಮೂರು ವರ್ಷಗಳವರೆಗೂ ಮೇಲೆಯೇ ಉಳಿಯುತ್ತವೆ.

ಸ್ಫೋಟದ ಅಬ್ಬರವೊಂದನ್ನೇ ನೋಡಿ ಸಂಜೆಯ ಬಣ್ಣವನ್ನು ಊಹಿಸಲಾಗದು ಎನ್ನುವುದಕ್ಕೆ ಎರಡು ಸ್ಫೋಟಗಳು ಸಾಕ್ಷಿ. 1980ರಲ್ಲಿ ಅಮೆರಿಕದ ಸೇಂಟ್ ಹೆಲೆನ್ಸ್ ಪರ್ವತದ ಒಂದು ಪಕ್ಕವೇ ಕುಸಿದು ಸಿಡಿಯಿತು, ಆದರೆ ಅದು ಹೊರಹಾಕಿದ ಸಲ್ಫರ್ ಡೈಆಕ್ಸೈಡ್ ಸುಮಾರು ಹತ್ತು ಲಕ್ಷ ಟನ್ ಮಾತ್ರ. ಎರಡು ವರ್ಷಗಳ ನಂತರ ಸಿಡಿದ ಮೆಕ್ಸಿಕೋದ ಎಲ್ ಚಿಚೋನ್ ಗಾತ್ರದಲ್ಲಿ ಅಂಥ ವ್ಯತ್ಯಾಸವಿಲ್ಲದಿದ್ದರೂ ಸುಮಾರು 70 ಲಕ್ಷ ಟನ್ ಅನಿಲವನ್ನು ಮೇಲಕ್ಕೆ ಕಳಿಸಿತು. ಜಗತ್ತಿನ ಸಂಜೆಗಳಲ್ಲಿ ಉಳಿದದ್ದು ಎಲ್ ಚಿಚೋನಿನ ಗುರುತು.

ಈಗ ತಾರಸಿಗೆ ಮರಳೋಣ. ಪಡುವಣದ ಕಡೆ ಮುಖ ಮಾಡಿ ನಿಂತಿದ್ದೇವೆ, ಸೂರ್ಯ ಈಗಷ್ಟೇ ಮುಳುಗಿದ್ದಾನೆ ಎಂದುಕೊಳ್ಳಿ. ನಮಗೆ ಮುಳುಗಿದ ಸೂರ್ಯ ನಮ್ಮ ನೆತ್ತಿಯ ಮೇಲೆ 20 ಕಿಲೋಮೀಟರ್ ಎತ್ತರದಲ್ಲಿರುವ ಹನಿಗೆ ಇನ್ನೂ ಮುಳುಗಿಲ್ಲ. ಎತ್ತರದಿಂದ ನೋಡಿದಾಗ ದಿಗಂತ ತಗ್ಗಿನಲ್ಲಿರುತ್ತದೆ. ಲೆಕ್ಕ ಹಾಕಿದರೆ, ಸೂರ್ಯ ನಮ್ಮ ದಿಗಂತಕ್ಕಿಂತ ನಾಲ್ಕೂವರೆ ಡಿಗ್ರಿ ಕೆಳಗೆ ಇಳಿಯುವವರೆಗೂ ಆ ಹನಿಯ ಮೇಲೆ ಬಿಸಿಲು ಬೀಳುತ್ತಿರುತ್ತದೆ. ಬೆಂಗಳೂರು ಸಮಭಾಜಕಕ್ಕೆ ಹತ್ತಿರವಿರುವುದರಿಂದ ಸೂರ್ಯ ಇಲ್ಲಿ ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತಾನೆ, ಒಂದು ಡಿಗ್ರಿಗೆ ನಾಲ್ಕರಿಂದ ನಾಲ್ಕೂವರೆ ನಿಮಿಷ. ಆದ್ದರಿಂದ ಸೂರ್ಯ ಮುಳುಗಿ ಹದಿನೆಂಟು ಇಪ್ಪತ್ತು ನಿಮಿಷಗಳವರೆಗೆ ನೆತ್ತಿಯ ಮೇಲಿನ ಆ ಪದರ ಬೆಳಕಿನಲ್ಲಿರುತ್ತದೆ. ಪಶ್ಚಿಮದ ಕಡೆಯ ಪದರ ಇನ್ನೂ ಹೆಚ್ಚು ಹೊತ್ತು. ಅಷ್ಟೇ ಅಲ್ಲ, ಅಷ್ಟು ಎತ್ತರದ ಪದರ ನಮಗೆ ಸುಮಾರು 500 ಕಿಲೋಮೀಟರ್ ದೂರದವರೆಗೆ ಕಾಣುತ್ತದೆ. ಬೆಂಗಳೂರಿನಿಂದ ಮಂಗಳೂರಿಗೆ ಗೆರೆ ಎಳೆದಂತೆ ಅಳೆದರೆ 300 ಕಿಲೋಮೀಟರ್ ಆಸುಪಾಸು. ಹಾಗಾಗಿ ನಮ್ಮ ಪಡುವಣ ದಿಗಂತದ ಅಂಚಿನಲ್ಲಿ ಹೊಳೆಯುವ ಆ ಬೆಳಕು ಮಂಗಳೂರಿನ ತೀರವನ್ನೂ ದಾಟಿ ಅರಬ್ಬೀ ಸಮುದ್ರದ ಮೇಲಿನ ಗಾಳಿಯಿಂದ ಬಂದದ್ದು.

ಆ ಪದರದ ಮೇಲೆ ಬೀಳುವ ಬಿಸಿಲಾದರೂ ಎಂಥದ್ದು? ಅದು ಭೂಮಿಯ ಅಂಚನ್ನು ಸವರಿಕೊಂಡು, ಕೆಳಗಿನ ದಟ್ಟ ಗಾಳಿಯಲ್ಲಿ ನೂರಾರು ಕಿಲೋಮೀಟರ್ ಸಾಗಿ, ನೀಲಿಯನ್ನು ದಾರಿಯುದ್ದಕ್ಕೂ ಕಳೆದುಕೊಂಡು ಬಂದ ಕೆಂಪು ಬೆಳಕು. ಎಂದಿನ ಸಂಜೆಗಳಲ್ಲಿ ಈ ಕೆಂಪು ಬೆಳಕನ್ನು ಹಿಡಿದು ನಮ್ಮ ಕಡೆಗೆ ತಿರುಗಿಸುವವರು ಯಾರೂ ಇರುವುದಿಲ್ಲ, ಏಕೆಂದರೆ 20 ಕಿಲೋಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಹದಿನಾಲ್ಕನೇ ಒಂದು ಭಾಗದಷ್ಟು ಮಾತ್ರ. ಕೆಂಪು ಹಾಗೆಯೇ ಹಾದು ಬಾಹ್ಯಾಕಾಶಕ್ಕೆ ಹೋಗಿಬಿಡುತ್ತದೆ. ಗಂಧಕಾಮ್ಲದ ಹನಿಗಳು ಅಲ್ಲಿ ಒಂದು ಪರದೆ ಕಟ್ಟಿದಂತೆ. ತೊಗಲುಗೊಂಬೆಯಾಟವನ್ನು ನೋಡಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ: ದೀಪ ಇರುವುದು ಪರದೆಯ ಹಿಂದೆ, ನಾವು ಕೂತಿರುವುದು ಮುಂದೆ, ಬೆಳಗುವುದು ನಡುವಿನ ಬಿಳಿ ಬಟ್ಟೆ. ತರಂಗದೂರದಷ್ಟೇ ಗಾತ್ರದ ಹನಿಗಳ ಗುಣವೂ ಅದೇ. ಅವು ಬೆಳಕನ್ನು ಎಲ್ಲ ದಿಕ್ಕಿಗೂ ಸಮನಾಗಿ ಚೆಲ್ಲುವುದಿಲ್ಲ, ಬಂದ ದಿಕ್ಕಿನಿಂದ ಮುಂದಕ್ಕೇ ಹೆಚ್ಚಾಗಿ ಚದುರಿಸುತ್ತವೆ. ಸೂರ್ಯ ಮುಳುಗಿದ ಕಡೆಯ ಆಕಾಶವೇ ಹೆಚ್ಚು ಬೆಳಗುವುದು ಇದರಿಂದ.

ಹೀಗಾಗಿ ಜ್ವಾಲಾಮುಖಿಯ ಸಂಜೆಗೆ ಎರಡು ಅಂಕಗಳಿರುತ್ತವೆ. ಮೊದಲು ಎಂದಿನ ಹಳದಿ ಮತ್ತು ಕಿತ್ತಳೆ, ಅದು ಇಳಿಯುತ್ತದೆ, ಬೀದಿದೀಪಗಳು ಹತ್ತುತ್ತವೆ, ಸಂಜೆ ಮುಗಿಯಿತು ಎನ್ನುವ ಹೊತ್ತಿಗೆ ಪಡುವಣದಲ್ಲಿ ದಿಗಂತದಿಂದ ಸಾಕಷ್ಟು ಮೇಲೆ ಗುಲಾಬಿ ಮತ್ತು ನೇರಳೆಯ ಒಂದು ಹೊಳಪು ಹರಡಿ ಆಕಾಶ ಮತ್ತೆ ಬೆಳಗುತ್ತದೆ. ಈ ಎರಡನೆಯ ಬೆಳಕೇ ಜ್ವಾಲಾಮುಖಿಯ ಸಹಿ. ಅದರ ನೇರಳೆಗೆ ಕಾರಣ ಎರಡು ಬಣ್ಣಗಳ ಬೆರಕೆ. ಪದರದಿಂದ ಕೆಂಪು ಬರುತ್ತದೆ. ಅದಕ್ಕೂ ಮೇಲಿನ ತಿಳಿಗಾಳಿಯಲ್ಲಿ ಚದುರಿದ ನೀಲಿ ಅದರೊಡನೆ ಸೇರುತ್ತದೆ. ಈ ನೀಲಿಯನ್ನು ಇನ್ನಷ್ಟು ಗಾಢ ಮಾಡುವುದು ಅದೇ ಎತ್ತರದಲ್ಲಿರುವ ಓಝೋನ್. ಓಝೋನ್ ಅತಿನೇರಳೆ ಕಿರಣಗಳನ್ನು ತಡೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತು, ಆದರೆ ಅದು ಹಳದಿ ಮತ್ತು ಕಿತ್ತಳೆಯನ್ನೂ ಸ್ವಲ್ಪ ಹೀರಿಕೊಳ್ಳುತ್ತದೆ ಎಂಬುದು ಅಷ್ಟಾಗಿ ತಿಳಿದಿಲ್ಲ; ಮುಸ್ಸಂಜೆಯಲ್ಲಿ ನೆತ್ತಿಯ ಮೇಲಿನ ಆಕಾಶ ಕಡುನೀಲಿಯಾಗಿ ಉಳಿಯುವುದಕ್ಕೆ ಓಝೋನೇ ಮುಖ್ಯ ಕಾರಣ.

ಇದೆಲ್ಲವನ್ನೂ ಜಗತ್ತು ಒಟ್ಟಾಗಿ ಕಂಡದ್ದು 1883ರಲ್ಲಿ. ಜಾವಾ ಮತ್ತು ಸುಮಾತ್ರಾ ದ್ವೀಪಗಳ ನಡುವಿನ ಸುಂಡಾ ಜಲಸಂಧಿಯಲ್ಲಿದ್ದ ಕ್ರಕಟೋವಾ ಆಗಸ್ಟ್ 27ರಂದು ಸಿಡಿದಾಗ, ಹೆಚ್ಚಾಗಿ ಸುನಾಮಿಯಿಂದಲೇ, 36,000ಕ್ಕೂ ಹೆಚ್ಚು ಜನ ಸತ್ತರು. ಆ ಬಣ್ಣಗಳ ಚೆಲುವಿನ ಬಗ್ಗೆ ಬರೆಯುವಾಗ ಈ ಸಂಖ್ಯೆಯನ್ನು ಮರೆಯುವುದು ನನಗೆ ಸಾಧ್ಯವಾಗುವುದಿಲ್ಲ. ಸ್ಫೋಟದ ಒಂಬತ್ತು ದಿನಗಳ ನಂತರ, ಸೆಪ್ಟೆಂಬರ್ 5ರಂದು, ಶಾಂತ ಸಾಗರದ ನಡುವೆ ಹೊನೊಲುಲುವಿನಲ್ಲಿದ್ದ ಪಾದ್ರಿ ಸೆರೆನೋ ಬಿಷಪ್ ಸೂರ್ಯನ ಸುತ್ತ ನಸುನೀಲಿ ಬಿಳುಪಿನ ದೊಡ್ಡ ವಲಯವನ್ನೂ ಅದರ ಹೊರ ಅಂಚಿನಲ್ಲಿ ಕಂದುಗೆಂಪನ್ನೂ ಗುರುತಿಸಿದರು. ಒಂದೇ ಸಮನಾದ ಸಣ್ಣ ಕಣಗಳ ಅಂಚಿನಲ್ಲಿ ಬೆಳಕು ಬಾಗುವುದರಿಂದ, ಅಂದರೆ ವಿವರ್ತನೆಯಿಂದ ಮೂಡುವ ಈ ವಲಯಕ್ಕೆ ಇಂದಿಗೂ ಬಿಷಪ್ ಉಂಗುರವೆಂದೇ ಹೆಸರು.

ಆ ಮೋಡ ಕ್ರಕಟೋವಾದಿಂದ ಹೊರಟದ್ದು ಪಶ್ಚಿಮಕ್ಕೆ. ಹಿಂದೂ ಮಹಾಸಾಗರ, ಆಫ್ರಿಕಾ, ಅಟ್ಲಾಂಟಿಕ್, ಶಾಂತ ಸಾಗರಗಳನ್ನು ಹಾದು ಸುಮಾರು ಹದಿಮೂರು ದಿನಗಳಲ್ಲಿ ಅದು ಭೂಮಿಗೆ ಒಂದು ಸುತ್ತು ಬಂತು. ಗಂಟೆಗೆ 120 ಕಿಲೋಮೀಟರಿಗೂ ಹೆಚ್ಚು ವೇಗ. ಸಮಭಾಜಕದ ಮೇಲೆ, ಅಷ್ಟು ಎತ್ತರದಲ್ಲಿ, ಅಂಥ ಬಿರುಗಾಳಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುತ್ತದೆ ಎಂಬುದು ಅದುವರೆಗೆ ಯಾರಿಗೂ ತಿಳಿದಿರಲಿಲ್ಲ. ಅಷ್ಟು ಎತ್ತರಕ್ಕೇರುವ ಬಲೂನು, ಉಪಗ್ರಹ ಯಾವುದೂ ಇಲ್ಲದ ಕಾಲದಲ್ಲಿ, ಊರೂರಿನಿಂದ ಬಂದ "ಇಂಥ ದಿನ ಆಕಾಶ ಹೀಗಿತ್ತು" ಎನ್ನುವ ವರದಿಗಳನ್ನು ದಿನಾಂಕದ ಪ್ರಕಾರ ಜೋಡಿಸಿಯೇ ಅದನ್ನು ಕಂಡುಕೊಂಡರು. ಲಂಡನ್ನಿನ ರಾಯಲ್ ಸೊಸೈಟಿ ಅವುಗಳನ್ನೆಲ್ಲ ಸೇರಿಸಿ 1888ರಲ್ಲಿ ಒಂದು ದೊಡ್ಡ ವರದಿಯನ್ನು ಹೊರತಂದಿತು.

ಆ ವರದಿಗಳಲ್ಲಿ ನಮಗೆ ಹತ್ತಿರದ್ದು ಮದರಾಸಿನದು. ಸೆಪ್ಟೆಂಬರ್ ಎರಡನೆಯ ವಾರದಲ್ಲಿ ಸಿಂಹಳ ಮತ್ತು ದಕ್ಷಿಣ ಭಾರತದ ಹಲವೆಡೆ ಸೂರ್ಯ ಹುಟ್ಟುವಾಗ ಮತ್ತು ಮುಳುಗುವಾಗ ಹಸಿರಾಗಿ ಕಂಡ. ಮದರಾಸ್ ಖಗೋಳ ವೀಕ್ಷಣಾಲಯದ ನಾರ್ಮನ್ ಪೋಗ್ಸನ್ ಅದನ್ನು ವರದಿ ಮಾಡಿದರು. ಮದರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಮಿಚೀ ಸ್ಮಿತ್, ಬೆಳಕನ್ನು ಅದರ ಬಣ್ಣಗಳ ಪಟ್ಟಿಯಾಗಿ (ರೋಹಿತವಾಗಿ) ಬಿಡಿಸಿ ತೋರಿಸುವ ರೋಹಿತದರ್ಶಕವನ್ನು ಆ ಹಸಿರು ಸೂರ್ಯನಿಗೇ ಹಿಡಿದು, ರೋಹಿತದ ಕೆಂಪು ತುದಿ ತೀರ ಮಂಕಾಗಿದೆ ಎಂದು ದಾಖಲಿಸಿದರು. ಇದು ಮೇಲೆ ಹೇಳಿದ್ದಕ್ಕೆ ವಿರುದ್ಧವಾಗಿ ಕಾಣಬಹುದು. ಅಣುಗಳು ನೀಲಿಯನ್ನು ಚದುರಿಸಿ ಕೆಂಪನ್ನು ಬಿಡುತ್ತವೆ. ಆದರೆ ಕಣ ಬೆಳೆದು ತರಂಗದೂರಕ್ಕೆ ಸಮನಾಗಿ ಇಲ್ಲವೇ ಸ್ವಲ್ಪ ದೊಡ್ಡದಾಗಿ, ಎಲ್ಲವೂ ಒಂದೇ ಗಾತ್ರದಲ್ಲಿದ್ದರೆ, ಆ ಒಂದು ಕಿರಿದಾದ ಮಿತಿಯಲ್ಲಿ ಲೆಕ್ಕ ತಿರುಗಿ, ಕೆಂಪೇ ಹೆಚ್ಚು ಚದುರಿ ನೀಲಿ ಮತ್ತು ಹಸಿರು ನೇರವಾಗಿ ದಾಟಿ ಬರುತ್ತವೆ. ಅಂಥ ಸಮಗಾತ್ರ ಬಲು ಅಪರೂಪ. 1950ರ ಸೆಪ್ಟೆಂಬರಿನಲ್ಲಿ ಕೆನಡಾದ ಕಾಡ್ಗಿಚ್ಚಿನ ಹೊಗೆ ಅಟ್ಲಾಂಟಿಕ್ ದಾಟಿದಾಗ ಸ್ಕಾಟ್ಲೆಂಡಿನವರು ನೀಲಿ ಸೂರ್ಯನನ್ನು ಕಂಡದ್ದೂ ಇದೇ ಕಾರಣಕ್ಕೆ. ಮಿಚೀ ಸ್ಮಿತ್ ಮುಂದೆ ಕೊಡೈಕೆನಾಲ್ ಸೌರ ವೀಕ್ಷಣಾಲಯವನ್ನು ಕಟ್ಟಿ ಅದರ ಮೊದಲ ನಿರ್ದೇಶಕರಾದರು. ಮದರಾಸ್ ಮತ್ತು ಕೊಡೈಕೆನಾಲ್‌ಗಳ ಆ ಪರಂಪರೆಯ ಇಂದಿನ ವಾರಸುದಾರ ನಮ್ಮ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆ. ಕೋರಮಂಗಲದ ಗದ್ದಲದಲ್ಲಿ ಆ ಗೇಟಿನ ಮುಂದೆ ಹಾದುಹೋಗುವಾಗಲೆಲ್ಲ ನನಗೆ ಮದರಾಸಿನ ಹಸಿರು ಸೂರ್ಯನ ನೆನಪಾಗುತ್ತದೆ.

ಉಷ್ಣವಲಯದಿಂದ ಉತ್ತರಕ್ಕೆ ಹರಡಲು ಆ ಹನಿಗಳಿಗೆ ಮೂರು ತಿಂಗಳು ಬೇಕಾಯಿತು. ನವೆಂಬರ್ ಕೊನೆಯಲ್ಲಿ ನ್ಯೂಯಾರ್ಕ್ ರಾಜ್ಯದ ಪೊಕೀಪ್ಸಿ ಎಂಬ ಊರಿನಲ್ಲಿ ಸೂರ್ಯ ಮುಳುಗಿದ ಮೇಲಿನ ಕೆಂಪನ್ನು ನೋಡಿ ಎಲ್ಲೋ ಬೆಂಕಿ ಬಿದ್ದಿದೆ ಎಂದುಕೊಂಡು ಅಗ್ನಿಶಾಮಕದವರನ್ನು ಕರೆಸಿದರು. ಲಂಡನ್ನಿನ ಚೆಲ್ಸಿಯಲ್ಲಿ ಥೇಮ್ಸ್ ನದಿಯ ದಡದಲ್ಲಿದ್ದ ವಿಲಿಯಂ ಆಸ್‌ಕ್ರಾಫ್ಟ್ ಎಂಬ ಕಲಾವಿದ ಬಣ್ಣದ ಸೀಮೆಸುಣ್ಣದಲ್ಲಿ ಆ ಸಂಜೆಗಳನ್ನು ಬಿಡದೆ ಬರೆದಿಟ್ಟುಕೊಂಡರು. ಕೆಲವೇ ನಿಮಿಷಗಳಲ್ಲಿ ಬಣ್ಣ ಬದಲಾಗುತ್ತಿದ್ದುದರಿಂದ ಒಂದೇ ಸಂಜೆಗೆ ಹಲವು ಹಾಳೆಗಳು ಬೇಕಾಗುತ್ತಿದ್ದವು. ಐನೂರಕ್ಕೂ ಹೆಚ್ಚು ಚಿತ್ರಗಳಾದವು. ಬಣ್ಣದ ಛಾಯಾಚಿತ್ರ ಬಳಕೆಗೆ ಬಂದಿರದ ಆ ಕಾಲದಲ್ಲಿ ಅದಕ್ಕಿಂತ ನಂಬಿಕೆಯ ದಾಖಲೆ ಬೇರೊಂದಿರಲಿಲ್ಲ, ರಾಯಲ್ ಸೊಸೈಟಿಯ ವರದಿಯೂ ಆ ಚಿತ್ರಗಳಲ್ಲಿ ಕೆಲವನ್ನು ಬಳಸಿಕೊಂಡಿತು. ಎರಡನೆಯ ಬೆಳಕು ಎಷ್ಟು ಹೊತ್ತು ಉಳಿಯಿತು ಎಂಬುದನ್ನು ಗಡಿಯಾರ ಹಿಡಿದು ಅಳೆದವರೂ ಇದ್ದರು. ನಾವು ಈಗ ತಾರಸಿಯ ಮೇಲೆ ಮಾಡಿದ ಲೆಕ್ಕವನ್ನೇ ಹಿಂದುಮುಂದು ಮಾಡಿ, ಕಾಲಾವಧಿಯಿಂದ ಪದರದ ಎತ್ತರವನ್ನು ಅವರು ಅಂದಾಜು ಮಾಡಿದರು.

ಕ್ರಕಟೋವಾದ ನಂತರ ಇಂಥ ದೊಡ್ಡ ಅವಕಾಶ ಒದಗಿದ್ದು 1991ರಲ್ಲಿ. ಫಿಲಿಪ್ಪೀನ್ಸ್‌ನ ಪಿನಾಟುಬೋ ಜೂನ್ 15ರಂದು ಸಿಡಿದು 35 ಕಿಲೋಮೀಟರ್ ಎತ್ತರದವರೆಗೆ ಎರಡು ಕೋಟಿ ಟನ್‌ಗಳಷ್ಟು ಸಲ್ಫರ್ ಡೈಆಕ್ಸೈಡನ್ನು ಕಳಿಸಿತು. ಮೋಡ ಮೂರು ವಾರಗಳಲ್ಲಿ ಭೂಮಿಯನ್ನು ಸುತ್ತಿತು. ಈ ಬಾರಿ ಉಪಗ್ರಹಗಳಿದ್ದವು, ಲೇಸರ್ ಕಿರಣವನ್ನು ಆಕಾಶಕ್ಕೆ ಹಾಯಿಸಿ ಮರಳಿದ ಬೆಳಕಿನಿಂದ ಪದರವನ್ನು ಅಳೆಯುವ ಲೈಡಾರ್ ಇತ್ತು, ಹೈದರಾಬಾದಿನಿಂದ ಹಾರಿಸಿದ ಬಲೂನುಗಳಿಂದ ನಮ್ಮ ವಿಜ್ಞಾನಿಗಳೂ ಆ ಪದರವನ್ನು ಅಳೆದರು. ಬಿಸಿಲಿನ ಒಂದಂಶವನ್ನು ಹಿಂದಕ್ಕೆ ತಿರುಗಿಸುವ ಈ ಹನಿಗಳಿಂದ ಭೂಮಿಯ ಸರಾಸರಿ ಉಷ್ಣಾಂಶ ಮರುವರ್ಷ ಸುಮಾರು ಅರ್ಧ ಡಿಗ್ರಿ ಸೆಲ್ಸಿಯಸ್ ಇಳಿಯಿತು. ಬಣ್ಣ ಮತ್ತು ತಂಪು ಎರಡೂ ಒಂದೇ ಹನಿಯ ಕೆಲಸ. ತೀರ ಬೇರೆ ರೀತಿಯ ಸ್ಫೋಟವೊಂದು 2022ರ ಜನವರಿ 15ರಂದು ಟೋಂಗಾದ ಸಮುದ್ರದಡಿ ನಡೆಯಿತು: ಹುಂಗಾ ಜ್ವಾಲಾಮುಖಿಯ ಕಂಬ ಸಮೋಷ್ಣ ಮಂಡಲವನ್ನೂ ಮೀರಿ 57 ಕಿಲೋಮೀಟರ್ ಎತ್ತರಕ್ಕೆ ಏರಿತು, ಆದರೆ ಅದು ಹೊತ್ತೊಯ್ದದ್ದು ಮುಖ್ಯವಾಗಿ ನೀರಾವಿ, ಸುಮಾರು 15 ಕೋಟಿ ಟನ್, ಸಲ್ಫರ್ ಡೈಆಕ್ಸೈಡ್ ಪಿನಾಟುಬೋದ ನಲವತ್ತನೇ ಒಂದು ಭಾಗದ ಹತ್ತಿರ. ಆದರೂ ಅಷ್ಟೊಂದು ನೀರಾವಿ ಇದ್ದುದರಿಂದ ಹನಿಗಳು ಬೇಗ ಕಟ್ಟಿಕೊಂಡವು, ಆ ವರ್ಷ ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡಿನ ಸಂಜೆಗಳು ತಿಂಗಳುಗಟ್ಟಲೆ ಗುಲಾಬಿಯಾಗಿದ್ದವು.

ಇನ್ನು ಪಕ್ಕದ ಮನೆಯವರ ಪ್ರಶ್ನೆ. ಹೈಲಿ ಗುಬ್ಬಿ ಇರುವುದು ಹೆಚ್ಚುಕಡಿಮೆ ಬೆಂಗಳೂರಿನ ಅಕ್ಷಾಂಶದಲ್ಲೇ, ಅರಬ್ಬೀ ಸಮುದ್ರದ ಆಚೆ ನಮ್ಮ ನೇರ ಪಶ್ಚಿಮಕ್ಕೆ. ಆದರೆ ಮೇಲಿನ ಗಾಳಿ ಅದರ ಮೋಡವನ್ನು ಈಶಾನ್ಯಕ್ಕೆ ಒಯ್ದು ಉತ್ತರ ಭಾರತಕ್ಕೆ ಮುಟ್ಟಿಸಿತು. ಬೂದಿ ಏರಿದ್ದು 14 ಕಿಲೋಮೀಟರ್ ಆಸುಪಾಸಿಗೆ, ಅಂದರೆ ಉಷ್ಣವಲಯದ ಪರಿವರ್ತನ ಮಂಡಲದ ಒಳಗೇ. ಸ್ಫೋಟ ನಡೆದು ಕೆಲವೇ ದಿನಗಳಾಗಿದ್ದವು, ಅನಿಲ ಗಂಧಕಾಮ್ಲವಾಗಿ ಜಗತ್ತಿನ ಮೇಲೆ ಹರಡಲು ಅಷ್ಟು ಹೊತ್ತು ಸಾಲದು. ನಾವು ಆ ಸಂಜೆ ಕಂಡದ್ದು ನವೆಂಬರಿನ ತಿಳಿಗಾಳಿ ಮತ್ತು ಎತ್ತರದಲ್ಲಿ ಎಳೆಎಳೆಯಾಗಿ ಹರಡಿದ್ದ ಹಿಮಮೋಡಗಳ ಬಣ್ಣ.

ಮುಂದೊಮ್ಮೆ ಎಲ್ಲಾದರೂ ದೊಡ್ಡ ಜ್ವಾಲಾಮುಖಿ ಸಿಡಿದಾಗ ಬೆಂಗಳೂರಿನಿಂದ ಇದನ್ನು ಗುರುತಿಸುವುದು ಕಷ್ಟವಲ್ಲ. ಮೊದಲು ಒಂದೆರಡು ತಿಂಗಳು ಕಾಯಬೇಕು. ಮಳೆ ಬಂದು ನಿಂತ, ಪಡುವಣದಲ್ಲಿ ದಟ್ಟ ಮೋಡವಿಲ್ಲದ ಸಂಜೆಯನ್ನು ಆರಿಸಿಕೊಳ್ಳಬೇಕು. ದಾರಿದೀಪದ ಬೆಳಕು ನೇರವಾಗಿ ಕಣ್ಣಿಗೆ ಬೀಳದ ತಾರಸಿ ಸಾಕು. ಸೂರ್ಯ ಮರೆಯಾದ ಹೊತ್ತನ್ನು ಗುರುತು ಹಾಕಿಕೊಂಡು, ಪೂರ್ವದಲ್ಲಿ ಭೂಮಿಯ ನೆರಳು ನೀಲಿಬೂದು ಪಟ್ಟಿಯಾಗಿ ಮೇಲೇಳುವುದನ್ನು ನೋಡುತ್ತ ಕಾಯಬಹುದು. ಗೊಂದಲ ಬರುವುದು ಹಿಮಮೋಡಗಳಿಂದ ಮಾತ್ರ, ಏಕೆಂದರೆ ಅವೂ ಸೂರ್ಯ ಮುಳುಗಿದ ಮೇಲೆ ಕೆಂಪಾಗುತ್ತವೆ. ಆದರೆ ಅವುಗಳಲ್ಲಿ ಎಳೆಗಳು ಕಾಣುತ್ತವೆ, ಹನಿಗಳ ಪದರ ನುಣುಪಾಗಿ ಹರಡಿರುತ್ತದೆ. ಅದರ ಜೊತೆಗೆ, 12 ಕಿಲೋಮೀಟರ್ ಎತ್ತರದ ಮೋಡ ನಮ್ಮ ನೆತ್ತಿಯ ಮೇಲಿದ್ದರೆ ಹದಿನಾಲ್ಕರಿಂದ ಹದಿನಾರು ನಿಮಿಷಗಳಲ್ಲಿ ಅದರ ಬೆಳಕು ಆರಿಹೋಗುತ್ತದೆ. ಮೋಡ ಬೂದುಬಣ್ಣಕ್ಕೆ ತಿರುಗಿದ ಮೇಲೂ ಅದರ ಹಿಂದಿನ ಬಯಲು ಆಕಾಶ ಗುಲಾಬಿಯಾಗಿ ಬೆಳಗುತ್ತಲೇ ಇದ್ದರೆ, ಆ ಬೆಳಕು ಬರುತ್ತಿರುವುದು ಮೋಡಕ್ಕಿಂತ ಮೇಲಿನಿಂದ.